ಅಮೆರಿಕದ 55 ಪ್ಲಸ್ ಬಡಾವಣೆಯಲ್ಲಿ ಅಪ್ಪ ಅಮ್ಮನಿಗೆ ಮನೆ ನೋಡ್ತಿದ್ದೀರಾ? ಸಹಿಗೆ ಮೊದಲು ಇಷ್ಟು ಓದಿ

ಅಮೆರಿಕದ ಕನ್ನಡದವರಲ್ಲಿ ಈಗ ಎರಡು ತಲೆಮಾರಿನವರು ಈ ಮನೆಗಳ ಬಗ್ಗೆ ವಿಚಾರಿಸುತ್ತಿದ್ದಾರೆ. ಮೊದಲು ಹೋಗಿ ನೆಲೆಸಿದವರು ನಿವೃತ್ತರಾಗಿ, ಹುಲ್ಲು ಕತ್ತರಿಸೋ ಹಿಮ ಎತ್ತೋ ಗೋಜಿಲ್ಲದ ಕಡೆ ಹೋಗೋಣ ಅಂತಿದ್ದಾರೆ. ಆಮೇಲೆ ಹೋದವರು ಗ್ರೀನ್ ಕಾರ್ಡ್ ಮಾಡಿಸಿ ಕರೆಸಿಕೊಂಡ ಅಪ್ಪ ಅಮ್ಮನಿಗೆ ಹತ್ತಿರದಲ್ಲೇ ಒಂದು ಚಿಕ್ಕ ಮನೆ ಹುಡುಕುತ್ತಿದ್ದಾರೆ. ಇಬ್ಬರ ಕಣ್ಣಿಗೂ ಬೀಳೋದು ‘55 ಪ್ಲಸ್ ಕಮ್ಯುನಿಟಿ’, ಅಂದರೆ 55 ದಾಟಿದವರಿಗೆಂದೇ ಇರುವ ಬಡಾವಣೆ, ಅನ್ನೋ ಬೋರ್ಡು. ಒಂದೇ ಅಂತಸ್ತು, ಮೆಟ್ಟಿಲಿನ ಕಾಟವಿಲ್ಲ, ವಾಕಿಂಗಿಗೆ ದಾರಿ, ಹರಟೆಗೆ ಕ್ಲಬ್‌ಹೌಸು. ನೋಡಿ ಬಂದ ರಾತ್ರಿ ಪ್ರಶ್ನೆಗಳು ಶುರುವಾಗುತ್ತವೆ. ಅಪ್ಪನಿಗೆ 60, ಅಮ್ಮನಿಗೆ ಇನ್ನೂ 52. ನಡೆಯುತ್ತಾ? ಮೊಮ್ಮಕ್ಕಳು ಬೇಸಿಗೆ ರಜೆ ಪೂರ್ತಿ ಬಂದು ಇರಬಹುದಾ? ಮನೆ ನನ್ನ ಹೆಸರಲ್ಲಿ ತಗೊಂಡ್ರೆ? ನನಗೆ 38.

ಉತ್ತರ ಎರಡು ಕಡೆ ಇದೆ. ಒಂದು ಫೆಡರಲ್ ಕಾನೂನಿನಲ್ಲಿ (ಅಂದರೆ ಅಮೆರಿಕದ ಕೇಂದ್ರ ಸರ್ಕಾರದ ಕಾನೂನು), ಇನ್ನೊಂದು ಆ ಬಡಾವಣೆಯ ಸ್ವಂತ ಕಾಗದಪತ್ರದಲ್ಲಿ. ಬಡಾವಣೆ ಯಾರನ್ನು ‘ಬೇಡ’ ಅನ್ನಬಹುದು ಅಂತ ಕಾನೂನು ಹೇಳುತ್ತದೆ. ನಿಮ್ಮನ್ನು ‘ಬನ್ನಿ’ ಅನ್ನುತ್ತಾರಾ ಇಲ್ವಾ ಅಂತ ಹೇಳೋದು ಕಾಗದಪತ್ರ. ಜನ ಇಂಟರ್‌ನೆಟ್‌ನಲ್ಲಿ ಮೊದಲನೆಯದನ್ನು ಓದಿ, ಎರಡನೆಯದನ್ನು ಓದದೆ ಅಡ್ವಾನ್ಸ್ ಕೊಟ್ಟುಬಿಡುತ್ತಾರೆ.

ಹೆಜ್ಜೆ 1: 55 ಪ್ಲಸ್ ಬಡಾವಣೆಗೆ ಕಾನೂನಿನ ವಿನಾಯಿತಿ ಯಾವುದಕ್ಕೆ ಅಂತ ತಿಳಿದುಕೊಳ್ಳಿ

1968ರ ಫೇರ್ ಹೌಸಿಂಗ್ ಆ್ಯಕ್ಟ್ ಪ್ರಕಾರ ಜನಾಂಗ, ಮೈಬಣ್ಣ, ಧರ್ಮ, ಮೂಲ ದೇಶ ನೋಡಿ ಮನೆ ನಿರಾಕರಿಸುವಂತಿಲ್ಲ. 1974ರಲ್ಲಿ ಈ ಪಟ್ಟಿಗೆ ಲಿಂಗ ಸೇರಿತು. 1988ರ ತಿದ್ದುಪಡಿಯಲ್ಲಿ ಇನ್ನೆರಡು ಸೇರಿದವು: ಅಂಗವೈಕಲ್ಯ ಮತ್ತು ‘ಫ್ಯಾಮಿಲಿಯಲ್ ಸ್ಟೇಟಸ್’. ಈ ಕೊನೆಯದು ಅಂದರೆ, ಮನೆಯಲ್ಲಿ 18 ವರ್ಷದೊಳಗಿನ ಮಕ್ಕಳಿದ್ದಾರೆ ಅಂತ ಬೇಡ ಅನ್ನುವಂತಿಲ್ಲ. ಗರ್ಭಿಣಿಯರಿಗೂ, ಮಗುವನ್ನು ದತ್ತು ತೆಗೆದುಕೊಳ್ಳುತ್ತಿರುವವರಿಗೂ ಇದೇ ರಕ್ಷಣೆ ಇದೆ. ಅದಕ್ಕೂ ಮೊದಲು ಮಕ್ಕಳಿರೋರಿಗೆ ಬಾಡಿಗೆ ಇಲ್ಲ ಅನ್ನೋ ಬೋರ್ಡು ಅಲ್ಲಿ ಸಾಮಾನ್ಯವಾಗಿತ್ತು.

ಹೀಗೆ ಮಕ್ಕಳಿಗೆ ಬಾಗಿಲು ತೆರೆದಾಗ ಹಿರಿಯರ ಬಡಾವಣೆಗಳ ಗತಿ ಏನು? ಅರಿಜೋನಾದ ಫೀನಿಕ್ಸ್ ಪಕ್ಕದ ಸನ್ ಸಿಟಿ 1960ರ ಜನವರಿ 1ರಂದೇ ಶುರುವಾಗಿತ್ತು. ಅಂಥ ಕಡೆ ಸಾವಿರಾರು ನಿವೃತ್ತರು ಇದ್ದರು. ಅವರಿಗಾಗಿ ಅದೇ ಕಾನೂನಿನಲ್ಲಿ ಒಂದು ವಿನಾಯಿತಿ ಇಟ್ಟರು. ಅದು ಮೂರು ಬಗೆಯ ಮನೆಗಳಿಗೆ ಅನ್ವಯಿಸುತ್ತದೆ. ಹಿರಿಯರಿಗೆಂದೇ ಸರ್ಕಾರದ ಯೋಜನೆಯಲ್ಲಿ ಕಟ್ಟಿದವು ಒಂದು. ವಾಸವಿರುವ ಎಲ್ಲರೂ 62 ದಾಟಿದವರಾಗಿರುವ ಕಡೆ ಇನ್ನೊಂದು. ಮೂರನೆಯದೇ ನಾವು ಮಾತಾಡ್ತಿರೋ 55 ಪ್ಲಸ್.

ಇಲ್ಲಿ ಒಂದು ವಿಷಯ ಗಮನಿಸಿ. ವಿನಾಯಿತಿ ಇರೋದು ಮಕ್ಕಳ ವಿಷಯಕ್ಕೆ ಮಾತ್ರ. ಮಕ್ಕಳಿರುವ ಕುಟುಂಬವನ್ನು ಬೇಡ ಅಂದರೆ ಇಂಥ ಬಡಾವಣೆಯ ಮೇಲೆ ಕೇಸು ನಿಲ್ಲುವುದಿಲ್ಲ, ಅಷ್ಟೇ. ಧರ್ಮ, ಬಣ್ಣ, ಮೂಲ ದೇಶ, ಅಂಗವೈಕಲ್ಯದ ರಕ್ಷಣೆ ಅಲ್ಲೂ ಪೂರ್ತಿ ಇರುತ್ತದೆ. ‘ಇಂಡಿಯನ್ ಅಡುಗೆ ಮಾಡೋರು ಬೇಡ’ ಅಂತ 55 ಪ್ಲಸ್ ಬಡಾವಣೆಯವರೂ ಹೇಳುವ ಹಾಗಿಲ್ಲ. ಇದು ನಮಗೂ ತಿರುಗುತ್ತದೆ. ಫ್ಲಾರಿಡಾದ ಟವಾರೆಸ್‌ನಲ್ಲಿ ಶಾಂತಿನಿಕೇತನ ಅಂತ ಭಾರತೀಯ ಹಿರಿಯರನ್ನು ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿದ ಬಡಾವಣೆ ಇದೆ. ಅಂಥ ಕಡೆ ನಮ್ಮ ಊಟ, ನಮ್ಮ ಹಬ್ಬ ಎಲ್ಲ ಇಟ್ಟುಕೊಳ್ಳಬಹುದು. ಆದರೆ ಭಾರತೀಯರಿಗೆ ಮಾತ್ರ ಮನೆ ಅಂತ ಯಾರೂ ನಿಯಮ ಮಾಡುವಂತಿಲ್ಲ. ನಾವೊಂದು ಹತ್ತು ಮನೆಯವರು ಸೇರಿ ಕನ್ನಡದವರಿಗೇ ಒಂದು ಬಡಾವಣೆ ಮಾಡೋಣ ಅಂತ ಕನಸು ಕಾಣೋರಿಗೂ ಈ ಮಾತು ಲಾಗೂ.

ಹೆಜ್ಜೆ 2: ಬಡಾವಣೆಗೆ ನಿಜಕ್ಕೂ ವಿನಾಯಿತಿ ಇದೆಯಾ ನೋಡಿ

ಬೋರ್ಡು ಹಾಕಿದ ಮಾತ್ರಕ್ಕೆ ವಿನಾಯಿತಿ ಬರುವುದಿಲ್ಲ. 1995ರ ಡಿಸೆಂಬರಿನಲ್ಲಿ ಬಂದ ಹೌಸಿಂಗ್ ಫಾರ್ ಓಲ್ಡರ್ ಪರ್ಸನ್ಸ್ ಆ್ಯಕ್ಟ್, ಬಾಯಿಮಾತಿನಲ್ಲಿ ಹೋಪಾ, ಮೂರು ಷರತ್ತು ಇಟ್ಟಿದೆ. ಹಿರಿಯರಿಗಾಗಿ ವಿಶೇಷ ಸೌಲಭ್ಯ ಇರಲೇಬೇಕು ಅನ್ನೋ ಹಳೆಯ ಷರತ್ತನ್ನು ಇದು ತೆಗೆದುಹಾಕಿತು. ಹಾಗಾಗಿ ಕ್ಲಿನಿಕ್ ಇಲ್ಲ, ಊಟದ ಹಾಲ್ ಇಲ್ಲ ಅಂತ ಅನುಮಾನ ಪಡಬೇಕಿಲ್ಲ.

ಮೊದಲ ಷರತ್ತು 80 ಶೇಕಡಾ ಲೆಕ್ಕ. ಜನ ವಾಸವಿರುವ ಮನೆಗಳಲ್ಲಿ ಕನಿಷ್ಠ 80 ಶೇಕಡಾ ಮನೆಗಳಲ್ಲಿ ಒಬ್ಬರಾದರೂ 55 ದಾಟಿದವರು ಇರಬೇಕು. ‘ಒಬ್ಬರಾದರೂ’ ಅನ್ನೋದು ಮುಖ್ಯ. ಬಡಾವಣೆಯಲ್ಲಿ 200 ಮನೆ ಇದ್ದು 10 ಖಾಲಿ ಅಂದುಕೊಳ್ಳಿ. ಲೆಕ್ಕ 190 ಮನೆಗೆ, ಅಂದರೆ 152 ಮನೆಗಳಲ್ಲಿ ಹಿರಿಯರು ಬೇಕು. ನಮ್ಮಲ್ಲಿ ಚಳಿಗಾಲ ಬಂತು ಅಂದರೆ ಬೀಗ ಹಾಕಿ ಮೈಸೂರಿಗೋ ಧಾರವಾಡಕ್ಕೋ ಹೊರಡುವವರು ಜಾಸ್ತಿ. ಹೆದರಬೇಡಿ. ಕಳೆದ ಒಂದು ವರ್ಷದಲ್ಲಿ ಅಲ್ಲಿ ವಾಸವಿದ್ದು, ಮತ್ತೆ ಮತ್ತೆ ಬಂದು ಇರುವ ಉದ್ದೇಶ ಇದ್ದರೆ ಅದು ವಾಸವಿರುವ ಮನೆ ಅಂತಲೇ ಲೆಕ್ಕ. ಬಡಾವಣೆಯ ಮ್ಯಾನೇಜರ್, ರಿಪೇರಿ ಸಿಬ್ಬಂದಿ ಅಲ್ಲೇ ಇದ್ದರೆ ಅವರ ಮನೆಗಳು ಈ ಲೆಕ್ಕಕ್ಕೆ ಅಡ್ಡ ಬರುವುದಿಲ್ಲ. ಅಂಗವೈಕಲ್ಯ ಇರುವವರ ಜೊತೆ ಅಗತ್ಯದಿಂದ ಇರುವ, 55 ಆಗದ ಆರೈಕೆದಾರರೂ ಅಡ್ಡ ಬರುವುದಿಲ್ಲ.

ಎರಡನೆಯದು, ಇದು ಹಿರಿಯರ ಬಡಾವಣೆ ಅನ್ನೋದು ನಿಯಮಾವಳಿ, ಲೀಸ್, ಜಾಹೀರಾತು, ಬೋರ್ಡು ಎಲ್ಲದರಲ್ಲೂ ಒಂದೇ ಥರ ಕಾಣಬೇಕು. ಅದರಂತೆ ನಡೆದುಕೊಳ್ಳಲೂ ಬೇಕು. ಜಾಹೀರಾತಿನಲ್ಲಿ ‘ಅಡಲ್ಟ್ ಕಮ್ಯುನಿಟಿ’, ‘ಅಡಲ್ಟ್ ಲಿವಿಂಗ್’ ಅಂತ ಇದ್ದರೆ ಕಿವಿ ನಿಮಿರಬೇಕು. ಆ ಪದಗಳು ಈ ಉದ್ದೇಶಕ್ಕೆ ಹೊಂದುವುದಿಲ್ಲ ಅಂತ ಫೆಡರಲ್ ನಿಯಮದಲ್ಲೇ ಬರೆದಿದೆ. 18 ದಾಟಿದ ಯಾರು ಬೇಕಾದರೂ ಇರಬಹುದು, ಮಕ್ಕಳು ಮಾತ್ರ ಬೇಡ ಅನ್ನೋ ಬಡಾವಣೆಗೆ ಫೆಡರಲ್ ಕಾನೂನಿನಲ್ಲಿ ಜಾಗವೇ ಇಲ್ಲ.

ಮೂರನೆಯದು ವಯಸ್ಸಿನ ಪರಿಶೀಲನೆ. ಎರಡು ವರ್ಷಕ್ಕೊಮ್ಮೆಯಾದರೂ ಯಾವ ಮನೆಯಲ್ಲಿ ಯಾರಿದ್ದಾರೆ ಅಂತ ಸರ್ವೇ ಮಾಡಿ ದಾಖಲೆ ಹೊಸದು ಮಾಡಬೇಕು. ಈ ಸರ್ವೇಯ ಸಾರಾಂಶವನ್ನು ಯಾರು ಕೇಳಿದರೂ, ಸಾಕಷ್ಟು ಮೊದಲೇ ತಿಳಿಸಿದರೆ, ನೋಡಲು ಬಿಡಬೇಕು. ಅಲ್ಲಿ ಮನೆ ಇರಲೇಬೇಕು ಅಂತಿಲ್ಲ, ಯಾರಾದರೂ ಸರಿ. ನೀವಿನ್ನೂ ಗಿರಾಕಿ ಆಗಿರುವಾಗಲೇ ಕೇಳಿ. ‘ಕಳೆದ ಸರ್ವೇ ಯಾವಾಗ ಆಯ್ತು? ಎಷ್ಟು ಶೇಕಡಾ ಬಂತು? ಸಾರಾಂಶ ನೋಡಬಹುದಾ?’ ಅಂತ ಒಂದು ಸಣ್ಣ ಇಮೇಲ್ ಹಾಕಿ. ಪಟ್ಟಂತ ಉತ್ತರ ಬಂದರೆ ಆಫೀಸು ಚೆನ್ನಾಗಿ ನಡೆಯುತ್ತಿದೆ ಅಂತ ಅರ್ಥ. ‘ಯಾವ ಸರ್ವೇ?’ ಅಂತ ವಾಪಸ್ ಕೇಳಿದರೆ ನಾನಾದರೆ ಆ ಮನೆ ಬಿಡುತ್ತೇನೆ. 80 ಶೇಕಡಾದಿಂದ ಕೆಳಗಿಳಿದರೆ ವಿನಾಯಿತಿ ಹೋಯಿತು. ಆಮೇಲೆ ಮಕ್ಕಳಿರುವ ಕುಟುಂಬವನ್ನು ಬೇಡ ಅಂದರೆ ಕಾನೂನು ಉಲ್ಲಂಘನೆ. ಕೇಸು ಬಿದ್ದರೆ ಅದರ ಖರ್ಚು ಅಲ್ಲಿನ ಮಾಲೀಕರಿಂದ ವಸೂಲಾಗುವ ಮೆಂಟೆನೆನ್ಸ್ ಹಣದಿಂದಲೇ ಹೋಗುತ್ತದೆ.

ಬರೀ ಬಾಯಿಮಾತಲ್ಲ. ಸನ್ ಸಿಟಿಯ ಪಕ್ಕದಲ್ಲೇ ಯಂಗ್‌ಟೌನ್ ಅಂತ ಊರಿದೆ. 1954ರಲ್ಲಿ ನಿವೃತ್ತರಿಗೆಂದೇ ಶುರುವಾದದ್ದು. ಅಜ್ಜ ಅಜ್ಜಿ ಜೊತೆ ಇದ್ದ ಒಬ್ಬ ಹದಿಹರೆಯದ ಹುಡುಗನನ್ನು ಹೊರಗೆ ಕಳಿಸಲು ಊರಿನ ಆಡಳಿತ ಹೊರಟಿತು. ವಿಷಯ ರಾಜ್ಯದ ಅಟಾರ್ನಿ ಜನರಲ್‌ವರೆಗೆ ಹೋಯಿತು. 1998ರಲ್ಲಿ ಊರು ತನ್ನ ವಯಸ್ಸಿನ ನಿಯಮವನ್ನೇ ಕಳೆದುಕೊಂಡಿತು.

ಹೆಜ್ಜೆ 3: ಉಳಿದ 20 ಶೇಕಡಾ ನಿಮ್ಮದು ಅಂದುಕೊಳ್ಳಬೇಡಿ

‘80 ಶೇಕಡಾ ಸಾಕು ತಾನೇ, ಉಳಿದ 20ರಲ್ಲಿ ನಮ್ಮ ತಂಗಿ ಇರಲಿ’ ಅನ್ನೋ ವಾದ ಕೇಳಿಬರುತ್ತದೆ. ಆ 20 ಶೇಕಡಾ ಬಡಾವಣೆಯ ಕೈಯಲ್ಲಿರುವ ಸಡಿಲಿಕೆ. ಬೇಕಾದರೆ ಕೊಡಬಹುದು, ಬೇಡ ಅಂದರೆ 100 ಶೇಕಡಾ ಮನೆಗಳಲ್ಲೂ 55 ದಾಟಿದವರು ಇರಬೇಕು ಅಂತಲೂ ನಿಯಮ ಮಾಡಬಹುದು. ಹೆಚ್ಚಿನ ಬಡಾವಣೆಗಳು ಇದನ್ನು ಗಂಡ ತೀರಿಕೊಂಡ ಹೆಂಡತಿ, ಮನೆ ವಾರಸಾಗಿ ಬಂದ ಮಕ್ಕಳು, ಇಂಥವರಿಗಾಗಿ ಮೀಸಲಿಟ್ಟುಕೊಳ್ಳುತ್ತವೆ.

ಹಾಗಾಗಿ ನಿಯಮಾವಳಿ ತರಿಸಿ ಓದಿ. ಅಲ್ಲಿ ಇದನ್ನು ಸಿಸಿ ಆ್ಯಂಡ್ ಆರ್ ಅಂತಾರೆ. ನೂರಾರು ಪುಟ ಇರಬಹುದು, ಪೂರ್ತಿ ಓದೋದು ಯಾರ ಕೈಲೂ ಆಗಲ್ಲ. ಪಿಡಿಎಫ್‌ನಲ್ಲಿ ‘ಏಜ್’, ‘ಆಕ್ಯುಪೆನ್ಸಿ’, ‘ಗೆಸ್ಟ್’, ‘ರೆಂಟಲ್’, ‘ಸರ್ವೈವಿಂಗ್’ ಅನ್ನೋ ಪದಗಳನ್ನು ಹುಡುಕಿ ಆ ಭಾಗಗಳನ್ನು ನಿಧಾನವಾಗಿ ಓದಿ. ಕೆಳಗಿನ ಸಂಗತಿಗಳಿಗೆ ಉತ್ತರ ಅಲ್ಲೇ ಸಿಗಬೇಕು.

ಎರಡನೆಯವರ ವಯಸ್ಸು. ಅಪ್ಪನಿಗೆ 60, ಅಮ್ಮನಿಗೆ 52 ಅಂದರೆ ಫೆಡರಲ್ ಲೆಕ್ಕಕ್ಕೆ ತೊಂದರೆ ಇಲ್ಲ. ಆದರೆ ಕೆಲವು ಕಡೆ ಜೊತೆಗಿರುವವರಿಗೆ 45 ಆಗಿರಬೇಕು, ಕೆಲವು ಕಡೆ 40, ಇನ್ನು ಕೆಲವು ಕಡೆ 19 ಸಾಕು.

ಅಪ್ಪನ ನಂತರ ಏನು? ನಮ್ಮ ಹಿಂದಿನ ತಲೆಮಾರಿನಲ್ಲಿ ಗಂಡ ಹೆಂಡಿರ ನಡುವೆ ಎಂಟು ಹತ್ತು ವರ್ಷ ಅಂತರ ಮಾಮೂಲು, ಅಲ್ವಾ. ಕೆಟ್ಟ ಮಾತು ಅಂತ ಯಾರೂ ಬಾಯಿ ಬಿಡಲ್ಲ. ಆದರೆ 55 ಆಗುವ ಮೊದಲೇ ಅಮ್ಮ ಒಬ್ಬರೇ ಉಳಿದರೆ ಆ ಮನೆಯಲ್ಲಿ ಇರಬಹುದಾ ಅನ್ನೋದು ಕಾಗದದಲ್ಲಿ ಸ್ಪಷ್ಟವಾಗಿ ಇರಬೇಕು. ಫೆಡರಲ್ ಕಾನೂನು ಇದನ್ನು ಬಡಾವಣೆಗೇ ಬಿಟ್ಟಿದೆ. ಕ್ಯಾಲಿಫೋರ್ನಿಯಾದಲ್ಲಿ ಮಾತ್ರ ರಾಜ್ಯದ ಕಾನೂನೇ ಕೈಹಿಡಿಯುತ್ತದೆ: ಹಿರಿಯರ ಜೊತೆ ವಾಸವಿದ್ದ ಸಂಗಾತಿಗೆ, ಅಥವಾ 45 ದಾಟಿ ಜೊತೆಗಿದ್ದವರಿಗೆ, ಆ ಮನೆಯಲ್ಲಿ ಮುಂದುವರಿಯುವ ಹಕ್ಕಿದೆ. ಅಲ್ಲಿ ನಿಮಗೆ ಮನೆ ವಾರಸಾಗಿ ಬಂದು, ನಿಮಗೆ 40 ಆಗಿ, ನೀವು ಜೊತೆಗೆ ಇರಲಿಲ್ಲ ಅಂದರೆ ಮನೆ ನಿಮ್ಮದೇ. ವಾಸ ಮಾತ್ರ ಆಗದೇ ಇರಬಹುದು.

ಇದರಿಂದಲೇ ಮುಂದಿನ ಪ್ರಶ್ನೆಗೂ ಉತ್ತರ ಬಂತು. ಹೋಪಾ ನೋಡೋದು ಯಾರು ವಾಸವಿದ್ದಾರೆ ಅಂತ. ಮಾಲೀಕರು ಯಾರು ಅಂತ ಕೇಳೋದಿಲ್ಲ. 38 ವರ್ಷದ ಮಗಳು ಮನೆ ಕೊಂಡು ಅಪ್ಪ ಅಮ್ಮನನ್ನು ಅಲ್ಲಿ ಇಡಬಹುದು. ಆದರೆ ‘ರೆಂಟಲ್’ ಭಾಗ ಮತ್ತೆ ನೋಡಿ. ಮಾಲೀಕರು ವಾಸವಿಲ್ಲದ ಮನೆಯನ್ನು ಬಾಡಿಗೆ ಮನೆ ಅಂತ ಪರಿಗಣಿಸುವ, ಕೊಂಡ ಮೊದಲ ಒಂದೆರಡು ವರ್ಷ ಬಾಡಿಗೆಗೆ ಕೊಡುವಂತಿಲ್ಲ ಅನ್ನುವ ಬಡಾವಣೆಗಳಿವೆ. ಬಾಡಿಗೆ ತಗೊಳ್ಳದೇ ಅಪ್ಪ ಅಮ್ಮ ಇದ್ದರೂ ಆ ನಿಯಮ ಅನ್ವಯಿಸುತ್ತಾ ಅಂತ ಬರಹದಲ್ಲಿ ಕೇಳಿ.

ಹೆಜ್ಜೆ 4: ಮೊಮ್ಮಕ್ಕಳ ದಿನ ಎಣಿಸಿ

ಅಜ್ಜಿ ಮನೆಗೆ ರಜೆಗೆ ಬರೋದನ್ನು ಯಾರೂ ತಡೆಯೋಲ್ಲ. ಎಷ್ಟು ದಿನ ಅನ್ನೋದೇ ಮಾತು. ಫ್ಲಾರಿಡಾದ ದೊಡ್ಡ ಬಡಾವಣೆ ದಿ ವಿಲೇಜಸ್‌ನ ಹೆಚ್ಚಿನ ಭಾಗಗಳಲ್ಲಿ 19ರೊಳಗಿನವರು ವರ್ಷಕ್ಕೆ 30 ದಿನ ಇರಬಹುದು. ಕ್ಯಾಲಿಫೋರ್ನಿಯಾದ ಕಾನೂನು ಚಿಕ್ಕ ವಯಸ್ಸಿನ ಅತಿಥಿಗಳಿಗೆ ವರ್ಷಕ್ಕೆ ಕನಿಷ್ಠ 60 ದಿನ ಅವಕಾಶ ಕೊಡಲೇಬೇಕು ಅನ್ನುತ್ತದೆ. ಅಮೆರಿಕದ ಬೇಸಿಗೆ ರಜೆ ಎರಡು ತಿಂಗಳು ದಾಟುತ್ತದೆ. ಇಬ್ಬರು ಮಕ್ಕಳ ಮಕ್ಕಳು ಬೇರೆ ಬೇರೆ ಸಮಯಕ್ಕೆ ಬಂದರೆ, ಮಿತಿ ಒಬ್ಬೊಬ್ಬ ಮಗುವಿಗಾ ಅಥವಾ ಮನೆಗಾ ಅಂತಲೂ ಕೇಳಿ.

ದಿನಾ ಬೆಳಗ್ಗೆ ಮಗುವನ್ನು ಅಜ್ಜಿ ಹತ್ತಿರ ಬಿಟ್ಟು ಸಂಜೆ ಕರೆದುಕೊಂಡು ಹೋಗೋದು ಬೇರೆ, ರಾತ್ರಿ ಉಳಿಯೋದು ಬೇರೆ. ಹೆಚ್ಚಿನ ನಿಯಮಾವಳಿಗಳು ಎಣಿಸೋದು ರಾತ್ರಿಗಳನ್ನು. ಆದರೂ ಈಜುಕೊಳಕ್ಕೆ ಮಕ್ಕಳ ಸಮಯ ಬೇರೆ ಇರುತ್ತದೆ, ಅದನ್ನೂ ಕೇಳಿಟ್ಟುಕೊಳ್ಳಿ. ಮಗು ಸಾಕೋಕೆ ಅಂತಲೇ ಅಪ್ಪ ಅಮ್ಮನನ್ನು ಕರೆಸಿಕೊಳ್ಳುತ್ತಿದ್ದರೆ, ನೇರವಾಗಿ ಹೇಳಿಬಿಡುತ್ತೇನೆ, 55 ಪ್ಲಸ್ ಬಡಾವಣೆ ನಿಮಗಲ್ಲ. ಮಾಮೂಲಿ ಬಡಾವಣೆಯಲ್ಲಿ ನೆಲಮಹಡಿ ಮನೆ ಹುಡುಕಿ.

ಹೆಜ್ಜೆ 5: ವಯಸ್ಸಿನ ಪುರಾವೆ ಸರಿ ಮಾಡಿಟ್ಟುಕೊಳ್ಳಿ

ಇಲ್ಲಿ ನಮ್ಮವರದೇ ಒಂದು ಫಜೀತಿ ಇದೆ. ಮನೆಯಲ್ಲೇ ಹೆರಿಗೆ ಆದ ತಲೆಮಾರಿಗೆ ಜನನ ಪ್ರಮಾಣಪತ್ರ ಇರೋದು ಅಪರೂಪ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಜೂನ್ 1 ಅಂತ ಬರೆದುಕೊಂಡರು, ಅದೇ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿಗೆ ಬಂತು, ಅಲ್ಲಿಂದ ಪಾಸ್‌ಪೋರ್ಟಿಗೆ. ಮನೆಯಲ್ಲಿ ಕೇಳಿದರೆ ‘ಯುಗಾದಿ ಆಗಿ ಎರಡನೇ ವಾರ’ ಅಂತಾರೆ. ಬಡಾವಣೆಗೆ ಯುಗಾದಿ ಬೇಡ. ಪಾಸ್‌ಪೋರ್ಟ್, ಗ್ರೀನ್ ಕಾರ್ಡ್, ಡ್ರೈವಿಂಗ್ ಲೈಸೆನ್ಸ್, ಹೀಗೆ ಹುಟ್ಟಿದ ದಿನಾಂಕ ಇರುವ ಯಾವುದೇ ಸರ್ಕಾರಿ ದಾಖಲೆ ನಡೆಯುತ್ತದೆ. ಬೇರೆ ದೇಶದ್ದೂ ಆಗುತ್ತದೆ. ಜನನ ಪ್ರಮಾಣಪತ್ರವೇ ಬೇಕು ಅಂತಿಲ್ಲ. ಈ ಮನೆಯಲ್ಲಿ ಒಬ್ಬರಾದರೂ 55 ದಾಟಿದವರಿದ್ದಾರೆ ಅಂತ ಮನೆಯ ವಯಸ್ಕರೊಬ್ಬರು ಸಹಿ ಮಾಡಿದ ಅಫಿಡವಿಟ್, ಲೀಸ್ ಅಥವಾ ಅರ್ಜಿಯನ್ನೂ ಫೆಡರಲ್ ನಿಯಮ ಒಪ್ಪುತ್ತದೆ.

ಕಾಗದದ ಪ್ರಕಾರ 54, ನಿಜವಾಗಿ 56 ಆಗಿರುವವರೂ ಇದ್ದಾರೆ. ಕಾಗದದ ವಯಸ್ಸಿಗೇ ಕಾಯಿರಿ. ಒಂದೊಂದು ಕಡೆ ಒಂದೊಂದು ದಿನಾಂಕ ಬರೆದರೆ ಮನೆಗಿಂತ ದೊಡ್ಡ ತಲೆನೋವು ಇಮಿಗ್ರೇಷನ್‌ನಲ್ಲಿ ಕಾದಿರುತ್ತದೆ. ಎರಡು ವರ್ಷಕ್ಕೊಮ್ಮೆ ಬರುವ ಸರ್ವೇ ಫಾರಂ ಅನ್ನು ಜಂಕ್ ಮೇಲ್ ಅಂತ ಎಸೆಯಬೇಡಿ ಅಂತ ಅಪ್ಪನಿಗೆ ಹೇಳಿಟ್ಟಿರಿ.

ಹೆಜ್ಜೆ 6: ಜೊತೆಗಿರೋರು ಬೇಕಾದರೆ ಬರಹದಲ್ಲಿ ಕೇಳಿ

ಪಾರ್ಶ್ವವಾಯು ಆದ ಅಮ್ಮನನ್ನು ನೋಡಿಕೊಳ್ಳಲು 30 ವರ್ಷದ ಮಗಳು ಅಥವಾ ಸಂಬಳದ ಆರೈಕೆದಾರರು ಅಲ್ಲೇ ಇರಬೇಕಾಗಬಹುದು. ವಯಸ್ಸಿನ ನಿಯಮ ಹೇಳಿ ಬಡಾವಣೆ ಸುಮ್ನೆ ಬೇಡ ಅನ್ನುವಂತಿಲ್ಲ. ಅಂಗವೈಕಲ್ಯ ಇರುವವರಿಗೆ ಅಗತ್ಯ ಇದ್ದರೆ ನಿಯಮ ಸಡಿಲಿಸೋದು, ಅಂದರೆ ‘ರೀಸನಬಲ್ ಅಕಾಮಡೇಷನ್’, 55 ಪ್ಲಸ್ ಬಡಾವಣೆಗೂ ಕಡ್ಡಾಯ. ಪತ್ರದಲ್ಲಿ ಮೂರು ಮಾತು ಸಾಕು: ಯಾರಿಗೆ ಆರೈಕೆ ಬೇಕು, ಜೊತೆಗೆ ಯಾರು ಇರುತ್ತಾರೆ, ಯಾವ ನಿಯಮದಿಂದ ವಿನಾಯಿತಿ ಬೇಕು. ಜೊತೆಗೆ ಡಾಕ್ಟರ್ ಕೊಟ್ಟ, ಆರೈಕೆ ಅಗತ್ಯ ಅನ್ನೋ ಒಂದು ಪುಟದ ಪತ್ರ ಇಡಿ. ಕಾಯಿಲೆಯ ಪೂರ್ತಿ ಫೈಲು ಕೊಡಬೇಕಾಗಿಲ್ಲ. ಇದು ಆರೈಕೆ ಇರುವಷ್ಟು ದಿನದ ಅನುಮತಿ ಅನ್ನೋದು ನೆನಪಿರಲಿ. ಅಮ್ಮನ ನಂತರವೂ ಮಗಳು ಅಲ್ಲೇ ಉಳಿಯುವ ಹಕ್ಕು ಇದರಿಂದ ಬರುವುದಿಲ್ಲ.

ಹೆಜ್ಜೆ 7: ಮಾಮೂಲಿ ಅಪಾರ್ಟ್‌ಮೆಂಟಿನಲ್ಲಿ ಮಕ್ಕಳು ಬೇಡ ಅಂದರೆ

ಇದು ಇನ್ನೊಂದು ದಡದ ಕಥೆ. ಹೊಸದಾಗಿ ಹೋದ ಚಿಕ್ಕ ಕುಟುಂಬಗಳಿಗೆ ಇದೇ ಜಾಸ್ತಿ ಬೇಕಾಗೋದು. ಹೋಪಾ ವಿನಾಯಿತಿ ಇಲ್ಲದ ಕಡೆ ‘ಮಗು ಇದ್ದರೆ ನೆಲಮಹಡಿ ಮಾತ್ರ’, ‘ಕೆಳಗಿನವರಿಗೆ ಓಡಾಟದ ಸದ್ದು ಸಹಿಸೋಕಾಗಲ್ಲ, ನಿಮಗೆ ಆ ಹಿಂದಿನ ಕಟ್ಟಡ ಕೊಡ್ತೀವಿ’, ‘ಮಕ್ಕಳಿದ್ದರೆ ಡೆಪಾಸಿಟ್ ಜಾಸ್ತಿ’ ಇವೆಲ್ಲ ಕಾನೂನಿಗೆ ವಿರುದ್ಧ. ನಯವಾಗಿ ಹೇಳಿದರೂ ವಿರುದ್ಧವೇ.

ಎಷ್ಟು ಜನ ಇರಬಹುದು ಅಂತ ಮಿತಿ ಹಾಕೋದು ಬೇರೆ ವಿಷಯ. ಸಾಮಾನ್ಯವಾಗಿ ಒಂದು ಬೆಡ್‌ರೂಮಿಗೆ ಇಬ್ಬರು ಅನ್ನೋದು ನ್ಯಾಯವಾದ ಮಿತಿ ಅಂತ ಫೆಡರಲ್ ವಸತಿ ಇಲಾಖೆ ಹಡ್ ಒಪ್ಪುತ್ತದೆ. ಆದರೆ ರೂಮಿನ ಅಳತೆ, ಮಗುವಿನ ವಯಸ್ಸು ಕೂಡ ನೋಡಬೇಕು ಅನ್ನುತ್ತದೆ. ಗಂಡ, ಹೆಂಡತಿ, ಆರು ತಿಂಗಳ ಕೂಸು ಇದ್ದರೆ ಒಂದು ಬೆಡ್‌ರೂಮ್ ಸಾಲದು ಅಂದರೆ ಪ್ರಶ್ನೆ ಮಾಡಬಹುದು. ಮಾಲೀಕರೇ ವಾಸವಿರುವ, ನಾಲ್ಕು ಮನೆಗಿಂತ ಹೆಚ್ಚಿಲ್ಲದ ಕಟ್ಟಡಕ್ಕೆ ಫೆಡರಲ್ ಕಾನೂನಿನ ಹೆಚ್ಚಿನ ಭಾಗ ಅನ್ವಯಿಸುವುದಿಲ್ಲ. ಅವರೂ ‘ಮಕ್ಕಳಿಗೆ ಇಲ್ಲ’ ಅಂತ ಜಾಹೀರಾತು ಕೊಡುವಂತಿಲ್ಲ ಅನ್ನೋದು ತಮಾಷೆ. ರಾಜ್ಯದ ಕಾನೂನು ಇದಕ್ಕಿಂತ ಬಿಗಿ ಇರಬಹುದು. ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟ್ 1982ರಲ್ಲೇ, ಫೆಡರಲ್ ತಿದ್ದುಪಡಿಗೆ ಆರು ವರ್ಷ ಮೊದಲು, ಮರೀನಾ ಪಾಯಿಂಟ್ ಕೇಸಿನಲ್ಲಿ ಮಕ್ಕಳಿಗೆ ಮನೆ ಇಲ್ಲ ಅನ್ನೋ ಅಪಾರ್ಟ್‌ಮೆಂಟಿನ ನಿಯಮ ನಡೆಯೋದಿಲ್ಲ ಅಂದಿತ್ತು.

ಹೆಜ್ಜೆ 8: ದೂರು ಕೊಡೋದು

ಫೋನಿನಲ್ಲಿ ಬೇಡ ಅಂದರೆ, ಅದನ್ನೇ ಇಮೇಲಿನಲ್ಲಿ ಕೇಳಿ ಬರಹದ ಉತ್ತರ ತರಿಸಿಕೊಳ್ಳಿ. ‘ನೀವು ಮನೆ ಕೊಡಲು ಆಗದ ಕಾರಣ ನಮ್ಮ ಮಗು ಅಂತ ಫೋನಿನಲ್ಲಿ ಹೇಳಿದಿರಿ, ಸರೀನಾ?’ ಅನ್ನೋ ಒಂದು ಸಾಲು ಸಾಕು. ಜಾಹೀರಾತಿನ ಸ್ಕ್ರೀನ್‌ಶಾಟ್, ಮಾತಾಡಿದವರ ಹೆಸರು, ದಿನ ಬರೆದಿಟ್ಟುಕೊಳ್ಳಿ. ಹಡ್‌ಗೆ ದೂರು ಕೊಡಲು ದುಡ್ಡು ಬೇಡ, ಲಾಯರ್ ಬೇಡ. ಆನ್‌ಲೈನಿನಲ್ಲೂ ಕೊಡಬಹುದು, ಫೋನಿನಲ್ಲೂ ಕೊಡಬಹುದು. ಅಮೆರಿಕದ ಪ್ರಜೆ ಆಗಿರಬೇಕು ಅಂತಲೂ ಇಲ್ಲ. ಎಚ್-1ಬಿ ಕೆಲಸದ ವೀಸಾ ಮೇಲೆ ಇರುವವರಿಗೂ ಕಾನೂನು ಒಂದೇ. ದೂರು ಕೊಟ್ಟರು ಅಂತ ಮನೆ ಬಿಡಿಸೋದು, ಕಾಟ ಕೊಡೋದು ಮತ್ತೊಂದು ಉಲ್ಲಂಘನೆ ಆಗುತ್ತದೆ.

ಅವಧಿ ಮಾತ್ರ ಮೀರಬೇಡಿ. ಹಡ್‌ಗೆ ದೂರು ಘಟನೆ ನಡೆದ ಒಂದು ವರ್ಷದೊಳಗೆ, ನೇರ ಕೋರ್ಟಿಗೆ ಹೋಗುವುದಾದರೆ ಎರಡು ವರ್ಷದೊಳಗೆ. ದೂರು ಹಡ್ ಮುಂದೆ ವಿಚಾರಣೆಯಲ್ಲಿದ್ದ ದಿನಗಳನ್ನು ಈ ಎರಡು ವರ್ಷದ ಲೆಕ್ಕಕ್ಕೆ ಸೇರಿಸುವುದಿಲ್ಲ.